ಅಂಗಡಿ ಆಟ, ಅಂಚೆ ಆಟ, ಗೊಂಬೆ ಮೆಟ್ಟಿಲು: ಮಕ್ಕಳಿಗೆ ವಿಂಗಡಿಸಿ ಜೋಡಿಸುವುದನ್ನು ಕಲಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಒಂದು ಪುಟ್ಟ ಶಿಶುವಿಹಾರದಲ್ಲಿ 18 ವರ್ಷದಿಂದ ಮಕ್ಕಳ ಜೊತೆ ಇದ್ದೇನೆ. ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ಅಪ್ಪ ಅಮ್ಮಂದಿರು, ಅಜ್ಜ ಅಜ್ಜಿಯರು ಗೇಟಿನ ಹತ್ತಿರ ನಿಂತು ಒಂದು ಮಾತು ಹೇಳಿಯೇ ಹೇಳುತ್ತಾರೆ: "ಮನೆ ತುಂಬಾ ಸಾಮಾನು ಹರಡ್ತಾನೆ ಟೀಚರ್, ಒಂದನ್ನೂ ಜಾಗಕ್ಕೆ ಇಡಲ್ಲ." ಅದೇ ಮಗು ನಮ್ಮಲ್ಲಿ ಅರ್ಧ ಗಂಟೆ ಕೂತು ಹುಣಸೆ ಬೀಜ, ಗುಂಡಿ, ಬಾಟಲಿ ಮುಚ್ಚಳ ಎಲ್ಲವನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿರುತ್ತದೆ. ಇದು ಹೇಗೆ ಅಂತ ಕೇಳಿದವರಿಗೆ ಗೇಟಿನ ಹತ್ತಿರ ನಿಂತು ಹೇಳಿ ಮುಗಿಸಲು ಆಗುತ್ತಿರಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ವಿಂಗಡಿಸುವುದನ್ನು ಆಟದಲ್ಲೇ ಯಾಕೆ ಕಲಿಸಬೇಕು? ಸುಮ್ನೆ ಹೇಳಿಕೊಟ್ಟರೆ ಆಗಲ್ವಾ?

ಹೇಳಿಕೊಟ್ಟರೆ ಮಗು ಮಾಡುತ್ತದೆ, ನೀವು ಎದುರಿಗೆ ಇರುವಷ್ಟು ಹೊತ್ತು. "ಕೆಂಪು ಮಣಿ ಈ ಬಟ್ಟಲಿಗೆ, ಹಳದಿ ಮಣಿ ಆ ಬಟ್ಟಲಿಗೆ" ಅಂದರೆ ಹಾಕುತ್ತದೆ. ಆದರೆ ಯಾಕೆ ಹಾಕಬೇಕು ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ. ಮಣಿ ಬೇರೆ ಮಾಡಿದ್ದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ, ಅಲ್ವಾ?

ಅದೇ ಮಗು ಬಳೆ ಅಂಗಡಿ ಇಟ್ಟುಕೊಂಡು ಕೂತಿದೆ ಅನ್ನಿ. ಗಿರಾಕಿ ಬಂದು "ನನ್ನ ಸೀರೆ ಹಸಿರು, ಅದಕ್ಕೆ ಹೊಂದೋ ಬಳೆ ಕೊಡಿ" ಅನ್ನುತ್ತಾಳೆ. ರಾಶಿಯೊಳಗೆ ಕೈ ಹಾಕಿ ಹುಡುಕಿ ಹುಡುಕಿ ಮಗುವಿಗೆ ಸಾಕಾಗುತ್ತದೆ. ಮೂರನೇ ಗಿರಾಕಿ ಬರುವ ಹೊತ್ತಿಗೆ ಹಸಿರು ಬಳೆಗಳು ತಾವಾಗಿ ಒಂದು ಕಡೆ ಬಂದಿರುತ್ತವೆ. ಹಾಗೆ ಮಾಡು ಅಂತ ಯಾರೂ ಹೇಳಿರುವುದಿಲ್ಲ.

ರಷ್ಯದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ 1930ರ ದಶಕದಲ್ಲೇ ಇದನ್ನು ಗಮನಿಸಿದ್ದರು. ಕಲ್ಪನೆಯ ಆಟ ಅಂದರೆ ಮನಸ್ಸಿಗೆ ಬಂದ ಹಾಗೆ ಆಡುವುದು ಅಂತ ನಾವು ಅಂದುಕೊಳ್ಳುತ್ತೇವೆ. ನಿಜಕ್ಕೂ ಅದರಲ್ಲಿ ಕಟ್ಟುಪಾಡು ಜಾಸ್ತಿ. ಅಮ್ಮ ಆದವಳು ಅಮ್ಮನ ಹಾಗೇ ನಡೆದುಕೊಳ್ಳಬೇಕು. ಕಂಡಕ್ಟರ್ ಆದವನು ಟಿಕೆಟ್ ಕೊಡಲೇಬೇಕು. ಮಗು ಆ ಕಟ್ಟುಪಾಡನ್ನು ಖುಷಿಯಿಂದ ತಾನೇ ತಲೆ ಮೇಲೆ ಹೊತ್ತುಕೊಳ್ಳುತ್ತದೆ. ನಾವು ಬೈದು ಮಾಡಿಸಲು ಆಗದ ಕೆಲಸ ಅಂಗಡಿಯವನ ವೇಷದಲ್ಲಿ ಸಲೀಸಾಗಿ ಆಗುತ್ತದೆ.

ಎಷ್ಟನೇ ವರ್ಷಕ್ಕೆ ಶುರು ಮಾಡಬಹುದು?

ಎರಡು ವರ್ಷದ ಮಗು ಕೂಡ ವಿಂಗಡಿಸುತ್ತದೆ, ಆದರೆ ನಮ್ಮ ಹಾಗೆ ಅಲ್ಲ. ಒಂದು ಕೆಂಪು ಡಬ್ಬಿ ಇಟ್ಟು, ಪಕ್ಕದಲ್ಲಿ ಕೆಂಪು ಚೆಂಡು ಇಟ್ಟು, ಆಮೇಲೆ ಚೆಂಡು ಅಂತ ನೆನಪಾಗಿ ಅದರ ಪಕ್ಕಕ್ಕೆ ಹಳದಿ ಚೆಂಡು ಇಡುತ್ತದೆ. ನಿಯಮ ಮಧ್ಯದಲ್ಲೇ ಬದಲಾಗುತ್ತದೆ. ಅದು ತಪ್ಪಲ್ಲ, ಆ ವಯಸ್ಸೇ ಹಾಗೆ. ಮೂರು, ಮೂರೂವರೆಯ ಹೊತ್ತಿಗೆ ಒಂದು ಗುಣವನ್ನು ಕೊನೆವರೆಗೂ ಹಿಡಿದುಕೊಳ್ಳುವುದು ಬರುತ್ತದೆ. ಮೊದಲು ಬಣ್ಣ, ಇಲ್ಲವೇ ಆಕಾರ. ಐದರ ಸುಮಾರಿಗೆ ಎರಡನ್ನು ಒಟ್ಟಿಗೆ ಹಿಡಿಯಬಲ್ಲರು: "ದೊಡ್ಡದೂ ಆಗಿರಬೇಕು, ಕೆಂಪೂ ಆಗಿರಬೇಕು."

ದೊಡ್ಡ ಗುಂಪಿನೊಳಗೆ ಸಣ್ಣ ಗುಂಪು ಇರುತ್ತದೆ ಅನ್ನುವುದು ಇನ್ನೂ ತಡ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ ತೋರಿಸಿಕೊಟ್ಟ ಪರೀಕ್ಷೆಯನ್ನು ನೀವೂ ಮಾಡಿ ನೋಡಬಹುದು. ತಟ್ಟೆಯಲ್ಲಿ ಐದು ಗುಲಾಬಿ, ಎರಡು ಸೇವಂತಿಗೆ ಇಡಿ. "ಗುಲಾಬಿ ಜಾಸ್ತಿ ಇದೆಯಾ, ಹೂವು ಜಾಸ್ತಿ ಇದೆಯಾ?" ಅಂತ ಕೇಳಿ. ಐದು ವರ್ಷದ ಮಗು ಸಾಮಾನ್ಯವಾಗಿ "ಗುಲಾಬಿ" ಅನ್ನುತ್ತದೆ. ಗುಲಾಬಿಯೂ ಹೂವೇ ಅನ್ನುವುದು ಅದಕ್ಕೆ ಗೊತ್ತು, ಆದರೆ ಎರಡೂ ಲೆಕ್ಕವನ್ನು ಒಂದೇ ಸಲ ತಲೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ. ಏಳು, ಎಂಟರ ಹೊತ್ತಿಗೆ ಇದು ಸರಿಹೋಗುತ್ತದೆ. ಹಾಗಾಗಿ ನಾಲ್ಕು ವರ್ಷದವನಿಗೆ "ತರಕಾರಿ ಒಂದು ಕಡೆ, ಅದರಲ್ಲಿ ಸೊಪ್ಪು ಬೇರೆ ಕಡೆ" ಅಂದಾಗ ಅವನು ಪೆಚ್ಚಾಗಿ ನೋಡಿದರೆ ಗದರಬೇಡಿ.

ಒಂದೇ ಒಂದು ಆಟದಿಂದ ಶುರು ಮಾಡಬೇಕು ಅಂದರೆ ಯಾವುದು?

ಅಂಗಡಿ ಆಟ. ಬೇರೆ ಯೋಚನೆಯೇ ಬೇಡ. ದಿನಸಿ ಅಂಗಡಿ ನೋಡದ ಮಗು ನಮ್ಮಲ್ಲಿ ಇಲ್ಲ. ಪಾತ್ರ ಗೊತ್ತು, ಮಾತು ಗೊತ್ತು, ಸಾಮಾನು ಅಡುಗೆಮನೆಯಲ್ಲೇ ಇದೆ.

ಏಳೆಂಟು ಬಗೆ ಸಾಕು. ರಾಜ್ಮಾ, ಕಡಲೆಕಾಳು, ಹೆಸರುಕಾಳು, ಅವರೆಬೇಳೆ, ಎರಡು ಈರುಳ್ಳಿ, ಒಂದು ತುಂಡು ಬೆಲ್ಲ, ಒಂದು ಸೋಪು, ಖಾಲಿ ಬೆಂಕಿಪೊಟ್ಟಣ. ಖಾಲಿ ಡಬ್ಬಿ, ಒಂದು ಮೊರ, ಹಳೇ ನ್ಯೂಸ್‌ಪೇಪರ್, ಒಂದು ಲೋಟ ಇಡಿ. ಎಲ್ಲವನ್ನೂ ಒಂದೇ ಚೀಲದಲ್ಲಿ ತಂದು ಕೊಡಿ. "ಲಾರಿಯಿಂದ ಸಾಮಾನು ಬಂದಿದೆ, ಇಳಿಸಿಕೊಳ್ಳಿ" ಅಂತ ಹೇಳಿ ಹೊರಟುಬಿಡಿ. ಎಲ್ಲೆಲ್ಲಿ ಏನಿಡಬೇಕು ಅಂತ ಹೇಳಬೇಡಿ. ಇದು ಬಹಳ ಮುಖ್ಯ. ನೀವು ಜಾಗ ತೋರಿಸಿದರೆ ಅಂಗಡಿ ನಿಮ್ಮದಾಗುತ್ತದೆ, ಮಗು ನಿಮ್ಮ ಕೆಲಸದವನಾಗುತ್ತದೆ.

ಹತ್ತು ನಿಮಿಷ ಬಿಟ್ಟು ಗಿರಾಕಿಯಾಗಿ ಬನ್ನಿ. ಮಗು "ಬನ್ನಿ ಅಕ್ಕಾ, ಏನು ಬೇಕು?" ಅಂತ ಕೇಳುತ್ತದೆ. ನೀವು ಏನು ಕೇಳುತ್ತೀರಿ ಅನ್ನುವುದರಲ್ಲೇ ಪಾಠ ಇದೆ. ಮೊದಲ ದಿನ ಸುಮ್ನೆ "ಒಂದು ಲೋಟ ಕಡಲೆಕಾಳು ಕೊಡಿ" ಅನ್ನಿ. ಎರಡನೇ ದಿನ "ನಾಳೆ ಉಸಲಿ ಮಾಡಬೇಕು, ನೆನೆಸೋ ಕಾಳು ಏನೇನಿದೆ?" ಅಂತ ಕೇಳಿ. ಈಗ ಕಡಲೆ, ಹೆಸರು, ರಾಜ್ಮಾ ಮೂರೂ ಒಂದೇ ಗುಂಪು. ಇನ್ನೊಂದು ದಿನ "ತಿನ್ನೋಕೆ ಆಗದೇ ಇರೋ ಸಾಮಾನು ಏನಿದೆ?" ಅನ್ನಿ. ಸೋಪು, ಬೆಂಕಿಪೊಟ್ಟಣ ಹೊರಗೆ ಬರುತ್ತವೆ. ಸಾಮಾನು ಅದೇ, ಗುಂಪು ಬೇರೆ. ಒಂದೇ ಈರುಳ್ಳಿ ಒಂದು ದಿನ ಗುಂಡಗಿನ ವಸ್ತುಗಳ ಜೊತೆ, ಇನ್ನೊಂದು ದಿನ ಹೆಚ್ಚುವ ವಸ್ತುಗಳ ಜೊತೆ. ಇದು ಹೊಳೆದ ಮಗು ಮುಂದೆ ಗಣಿತದಲ್ಲಾಗಲಿ ವಿಜ್ಞಾನದಲ್ಲಾಗಲಿ ಗುಂಪು ಮಾಡಲು ಹೆದರುವುದಿಲ್ಲ.

ಇನ್ನೊಂದು ಮಾತು. ಸಂಜೆಗೆ ಅಂಗಡಿ ಎತ್ತಿಬಿಡಬೇಡಿ. ಸಾಧ್ಯವಾದರೆ ಒಂದು ವಾರ ಒಂದು ಮೂಲೆಯಲ್ಲಿ ಇರಲಿ. ಮೊದಲ ದಿನ ಸಾಲಾಗಿ ಇಟ್ಟಿದ್ದನ್ನು ಮೂರನೇ ದಿನ ಮಗು ತಾನೇ ಬದಲಾಯಿಸುತ್ತದೆ. ಜಾಸ್ತಿ ಮಾರಾಟವಾಗುವುದು ಕೈಗೆ ಹತ್ತಿರ ಬರುತ್ತದೆ. ಡಬ್ಬಿಯ ಮೇಲೆ ಕಾಳಿನ ಚಿತ್ರ ಬರುತ್ತದೆ, ಆಮೇಲೆ ಅಕ್ಷರ.

ಮಗು ತಪ್ಪು ಗುಂಪಿಗೆ ಹಾಕಿದರೆ ತಿದ್ದಬೇಕೇ?

ಮೊದಲು ಕೇಳಿ: "ಇದನ್ನ ಇಲ್ಲಿ ಯಾಕೆ ಇಟ್ಟೆ?" ಬೈಯುವ ದನಿಯಲ್ಲಿ ಅಲ್ಲ, ನಿಜವಾಗಲೂ ತಿಳಿದುಕೊಳ್ಳುವ ದನಿಯಲ್ಲಿ. ಹತ್ತರಲ್ಲಿ ಎಂಟು ಸಲ ಅದಕ್ಕೊಂದು ಕಾರಣ ಇರುತ್ತದೆ. ಒಬ್ಬಳು ಆನೆ, ಬಸ್ಸು, ಗಣೇಶ ಮೂರನ್ನೂ ಒಟ್ಟಿಗೆ ಇಟ್ಟಿದ್ದಳು. ಕೇಳಿದರೆ "ಇವೆಲ್ಲಾ ದಾರಿಯಲ್ಲಿ ಬಂದ್ರೆ ನಾವು ಪಕ್ಕಕ್ಕೆ ಸರೀಬೇಕು" ಅಂದಳು. ಅಂಥ ಗುಂಪು ನನಗೆ ಹೊಳೆಯುತ್ತಲೇ ಇರಲಿಲ್ಲ.

ನಿಜವಾಗಲೂ ತಪ್ಪಿದ್ದರೆ ಅದನ್ನು ಕತೆಯೇ ತಿದ್ದಲಿ. ನಮ್ಮಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗ ಅಂಗಡಿ ಇಟ್ಟಿದ್ದ. ಉಪ್ಪು, ಸಕ್ಕರೆ ಎರಡನ್ನೂ ಒಂದೇ ಸ್ಟೀಲ್ ಡಬ್ಬಿಗೆ ಸುರಿದಿದ್ದ. "ಎರಡೂ ಬಿಳಿ ಅಲ್ವಾ ಟೀಚರ್." ನಾನು ಏನೂ ಹೇಳಲಿಲ್ಲ. ಒಂದು ಚಮಚ "ಸಕ್ಕರೆ" ಕಟ್ಟಿಸಿಕೊಂಡು ಹೋಗಿ, ನಿಜವಾದ ನಿಂಬೆ ಪಾನಕಕ್ಕೆ ಹಾಕಿ ಕದಡಿ, ಅವನಿಗೇ ಒಂದು ಗುಟುಕು ಕೊಟ್ಟೆ. ಮುಖ ಹಿಂಡಿದ. ಲೋಟದೊಳಗೆ ನೋಡಿದ. ಎದ್ದು ಹೋಗಿ ಡಬ್ಬಿಯ ಮುಚ್ಚಳ ತೆಗೆದು, ಒಂದು ಹರಳನ್ನು ಬೆರಳ ತುದಿಯಲ್ಲಿ ಒತ್ತಿ ನಾಲಿಗೆಗೆ ಇಟ್ಟ. ಇನ್ನೊಂದು ಇಟ್ಟ. ಆಮೇಲೆ ಬೆಳಕಿಗೆ ಹಿಡಿದು ನೋಡಿ, "ಸಕ್ಕರೆ ಹೊಳೆಯುತ್ತೆ, ಉಪ್ಪು ಪುಡಿ ಪುಡಿ" ಅಂದ. ಕಲೆತದ್ದನ್ನು ಬೇರೆ ಮಾಡಲು ಆಗುವುದಿಲ್ಲ ಅಂತ ಅವನಿಗೆ ಅವತ್ತೇ ಗೊತ್ತಾಯಿತು. ಹೊಸದಾಗಿ ಎರಡು ಡಬ್ಬಿ ಕೇಳಿದ. ಒಂದರ ಮೇಲೆ ಸೂರ್ಯನ ಚಿತ್ರ ಬರೆದ, ಹೊಳೆಯುತ್ತದಲ್ಲ, ಅದಕ್ಕೆ. ಆ ಸೂರ್ಯನ ಡಬ್ಬಿ ಇವತ್ತೂ ನಮ್ಮ ಕಪಾಟಿನಲ್ಲಿದೆ.

"ತಪ್ಪು, ಹಾಗಲ್ಲ" ಅಂತ ನಾನು ಮೊದಲೇ ಅಂದಿದ್ದರೆ ಅವನು ಬಣ್ಣ ಬಿಟ್ಟು ರುಚಿ, ಹೊಳಪು, ನುಣುಪು ಇವನ್ನೆಲ್ಲ ನೋಡುತ್ತಲೇ ಇರಲಿಲ್ಲ.

ದುಬಾರಿ ಆಟಿಕೆ ಕೊಳ್ಳಬೇಕೇ?

ಬೇಡ. ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸರಿ ವಿಂಗಡಿಸಲು, ಅಳತೆಯ ಪ್ರಕಾರ ಜೋಡಿಸಲು ಬಹಳ ಚೆಂದದ ಸಾಮಗ್ರಿ ಮಾಡಿದರು. 1 ಸೆಂಟಿಮೀಟರಿನಿಂದ 10 ಸೆಂಟಿಮೀಟರಿನವರೆಗಿನ ಹತ್ತು ಗುಲಾಬಿ ಬಣ್ಣದ ಮರದ ಘನಗಳು ನೋಡಿದವರಿಗೆ ಗೊತ್ತಿರುತ್ತದೆ. ಆಕೆ 1939ರಲ್ಲಿ ಮದ್ರಾಸಿಗೆ ಬಂದು ಯುದ್ಧದ ವರ್ಷಗಳನ್ನೆಲ್ಲ ನಮ್ಮ ದೇಶದಲ್ಲೇ ಕಳೆದರು, ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ಕಲಿಸಿದರು. ಆದರೆ ಆಕೆಗೆ ಕಲ್ಪನೆಯ ಆಟದಲ್ಲಿ ಅಷ್ಟು ನಂಬಿಕೆ ಇರಲಿಲ್ಲ. ಮಗುವಿಗೆ ನಿಜವಾದ ಕೆಲಸ ಕೊಡಿ ಅನ್ನುತ್ತಿದ್ದರು. ನಾನು ಆಕೆಯಿಂದ ಕಲಿತದ್ದು ಬಹಳ, ಈ ಒಂದು ವಿಷಯದಲ್ಲಿ ಮಾತ್ರ ಒಪ್ಪುವುದಿಲ್ಲ. ನಿಜವಾದ ಕಾಳು, ನಿಜವಾದ ಮೊರ ಇರಲಿ, ಜೊತೆಗೆ ಕತೆಯೂ ಇರಲಿ.

ಕೊಳ್ಳಲೇಬೇಕು ಅನಿಸಿದರೆ ಚನ್ನಪಟ್ಟಣದ ಆಟಿಕೆ ತನ್ನಿ. ಆಲೆ ಮರದ್ದು, ಅರಗಿನ ಬಣ್ಣದ್ದು. ಮೂಲೆಗಳು ನುಣ್ಣಗೆ ಇರುತ್ತವೆ. ಅಡುಗೆ ಸೆಟ್ಟು ಒಂದಿದ್ದರೆ ಪಾತ್ರೆ, ಮುಚ್ಚಳ, ಸೌಟು ಜೋಡಿಸುವುದರಲ್ಲೇ ವರ್ಷ ಕಳೆಯುತ್ತದೆ. ಪ್ಲಾಸ್ಟಿಕ್ ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯ.

ಯಾವ ವಸ್ತು ಕೊಡಬಾರದು?

ಮೂರು ವರ್ಷದೊಳಗಿನವರಿಗೆ ಕಾಳು, ಮಣಿ, ಗುಂಡಿ, ಕಡಲೆಬೀಜ ಯಾವುದೂ ಬೇಡ. ಬಾಯಿಗೆ ಹಾಕಿಕೊಳ್ಳುತ್ತವೆ, ಮೂಗಿಗೆ, ಕಿವಿಗೆ ತುರುಕಿಕೊಳ್ಳುತ್ತವೆ. ಉಸಿರಿನ ದಾರಿಗೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಅವರಿಗೆ ಆಲೂಗಡ್ಡೆ, ನಿಂಬೆಹಣ್ಣು, ಸೌಟು, ಬಟ್ಟೆಯ ಚೆಂಡು, ದೊಡ್ಡ ಮುಚ್ಚಳಗಳು ಸಾಕು. ದೊಡ್ಡ ಮಕ್ಕಳು ಕಾಳಿನ ಜೊತೆ ಆಡುವಾಗಲೂ ಒಬ್ಬರು ಅಲ್ಲೇ ಕೂತಿರಿ.

ಇದನ್ನು ಒತ್ತಿ ಹೇಳುತ್ತೇನೆ: ಗುಲಗಂಜಿ ಕೊಡಬೇಡಿ. ಕೆಂಪು, ಕಪ್ಪು ಬಣ್ಣ ನೋಡಲು ಬಹಳ ಚೆಂದ, ಹಿಂದೆ ನಾವೆಲ್ಲ ಆಡಿದ್ದೇವೆ. ಆದರೆ ಅಗಿದು ನುಂಗಿದರೆ ಅದು ಕಡು ವಿಷ. ಹರಳು ಬೀಜವೂ ಹಾಗೇ. ಹಳೇ ರಿಮೋಟು, ಗಡಿಯಾರದ ಬಟನ್ ಬ್ಯಾಟರಿ, ಪುಟ್ಟ ಅಯಸ್ಕಾಂತದ ಗುಂಡು ಇವನ್ನು ಅಂಗಡಿ ಸಾಮಾನಿನ ಹತ್ತಿರವೂ ಬಿಡಬೇಡಿ. ನುಂಗಿರಬಹುದು ಅಂತ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಹೋಗಿ.

ನಮ್ಮ ಮನೆಯಲ್ಲಿ ದಸರಾ ಗೊಂಬೆ ಕೂರಿಸುತ್ತೇವೆ. ಅದರಲ್ಲಿ ಮಕ್ಕಳನ್ನು ಹೇಗೆ ಸೇರಿಸಿಕೊಳ್ಳುವುದು?

ಈ ಪ್ರಶ್ನೆ ಕೇಳಿದರೆ ನನಗೆ ತುಂಬಾ ಖುಷಿ. ವಿಂಗಡಿಸುವುದು, ಜೋಡಿಸುವುದು, ಕತೆ ಕಟ್ಟುವುದು ಮೂರೂ ಒಂದೇ ಕಡೆ ಸೇರುವ ಇಂಥ ಆಟ ಇನ್ನೊಂದಿಲ್ಲ. ಮೂರು, ಐದು, ಏಳು, ಒಂಬತ್ತು ಹೀಗೆ ಬೆಸ ಸಂಖ್ಯೆಯ ಮೆಟ್ಟಿಲು. ಮೇಲೆ ಪಟ್ಟದ ಗೊಂಬೆ, ರಾಜ ರಾಣಿ. ಆಮೇಲೆ ದೇವರು, ಮದುವೆ ದಿಬ್ಬಣ. ಕೆಳಗೆ ಶೆಟ್ಟರ ಅಂಗಡಿ, ಹಳ್ಳಿ, ಪ್ರಾಣಿ, ಪಾರ್ಕು. ಮೆಟ್ಟಿಲೇ ಒಂದು ವರ್ಗೀಕರಣ, ನೋಡಿ.

ಆದರೆ ಎಷ್ಟೋ ಮನೆಗಳಲ್ಲಿ "ಮುಟ್ಟಬೇಡ, ಒಡೆದುಹೋಗುತ್ತೆ" ಅಂತ ಮಕ್ಕಳನ್ನು ದೂರ ಇಡುತ್ತಾರೆ. ಹಳೇ ಗೊಂಬೆ, ಅತ್ತೆ ಕಾಲದ್ದು, ಆತಂಕ ಅರ್ಥವಾಗುತ್ತದೆ. ಒಂದು ದಾರಿ ಇದೆ. ಕೆಳಗಿನ ಎರಡು ಮೆಟ್ಟಿಲು ಮಕ್ಕಳಿಗೆ ಬಿಟ್ಟುಕೊಡಿ. ಮರದ ಗೊಂಬೆ, ಪ್ಲಾಸ್ಟಿಕ್ ಪ್ರಾಣಿ, ಕಾರು ಎಲ್ಲವೂ ಅಲ್ಲಿಗೆ. ಮೃಗಾಲಯ ಮಾಡಲಿ. ಹುಲಿ ಪಕ್ಕ ಜಿಂಕೆ ಇಡಬಹುದಾ? ನೀರಲ್ಲಿ ಇರುವುದು ಎಲ್ಲಿ? ನಮ್ಮ ಹಸು ಮೃಗಾಲಯದಲ್ಲಾ, ಹಳ್ಳಿಯಲ್ಲಾ? ಮೈಸೂರು ಮೃಗಾಲಯ ನೋಡಿ ಬಂದ ಮಕ್ಕಳು ಇದನ್ನು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಒಂದು ವರ್ಷ ನಮ್ಮ ಶಿಶುವಿಹಾರದ ಮಕ್ಕಳು ಜಂಬೂಸವಾರಿ ಜೋಡಿಸಿದರು. ಯಾರು ಮುಂದೆ, ಯಾರು ಹಿಂದೆ? ಆನೆ, ಕುದುರೆ, ಬ್ಯಾಂಡಿನವರು, ಪೊಲೀಸರು. ಸಣ್ಣ ಆನೆ ಮುಂದೆ ಇರಲಿ, ಇಲ್ಲದಿದ್ದರೆ ಅದಕ್ಕೆ ಏನೂ ಕಾಣಲ್ಲ ಅಂತ ತೀರ್ಮಾನವಾಯಿತು. ಎತ್ತರದ ಪ್ರಕಾರ ಸಾಲು ಮಾಡುವ ಪಾಠ ಅಲ್ಲೇ ಆಗಿಹೋಯಿತು.

ಸಂಜೆ "ಗೊಂಬೆ ಕೂರ್ಸಿದ್ದೀರಾ?" ಅಂತ ಬೇರೆ ಮನೆ ಮಕ್ಕಳು ಬಂದಾಗ ಕತೆ ಹೇಳುವ ಕೆಲಸ ನಿಮ್ಮ ಮಗುವಿಗೇ ಇರಲಿ. ಗೊಂಬೆ ತಿಂಡಿ ಕೊಡುವ ಕೆಲಸವೂ. ಹಬ್ಬ ಮುಗಿದ ಮೇಲೆ ಗೊಂಬೆಗಳನ್ನು ಬಟ್ಟೆ ಸುತ್ತಿ ಪೆಟ್ಟಿಗೆಗೆ ತುಂಬುವಾಗಲೂ ಅವರನ್ನು ಕರೆಯಿರಿ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಪೆಟ್ಟಿಗೆ ಮೇಲೆ ಒಳಗಿರುವುದರ ಹೆಸರು. ಅಡಿಕೆ ತಟ್ಟೆ, ಹತ್ತಿ, ಹಳೇ ಪಂಚೆ ಯಾವ ಗೊಂಬೆಗೆ ಯಾವುದು ಅನ್ನುವುದು ಕೂಡ ವಿಂಗಡಣೆಯೇ.

ಆರು, ಏಳು ವರ್ಷದ ಮಕ್ಕಳಿಗೆ ಅಂಗಡಿ ಆಟ ಬೇಜಾರು. ಬೇರೆ ಏನಿದೆ?

ಅಂಚೆ ಆಟ. ಪಿನ್ ಕೋಡ್ ಅನ್ನುವುದು ಮಕ್ಕಳಿಗೆ ಹೇಳಿ ಮಾಡಿಸಿದ ಒಗಟು. 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಒಂದೇ ಹೆಸರಿನ ಊರು ನಮ್ಮ ದೇಶದಲ್ಲಿ ಎಷ್ಟೋ ಇವೆ, ವಿಳಾಸ ಬರೆಯುವ ಲಿಪಿಗಳೂ ಹಲವು. ಅಂಕಿ ಇದ್ದರೆ ಯಾರು ಬೇಕಾದರೂ ವಿಂಗಡಿಸಬಹುದು. ಆರು ಅಂಕಿಯಲ್ಲಿ ಮೊದಲನೆಯದು ವಲಯ. ಕರ್ನಾಟಕ, ಆಂಧ್ರ, ತೆಲಂಗಾಣ ಎಲ್ಲಕ್ಕೂ 5. ಮೊದಲ ಎರಡು ಅಂಕಿ 56ರಿಂದ 59ರವರೆಗೆ ಇದ್ದರೆ ನಮ್ಮ ರಾಜ್ಯ. ಮೂರು ಅಂಕಿ ನೋಡಿದರೆ 560 ಬೆಂಗಳೂರು, 570 ಮೈಸೂರು, 575 ಮಂಗಳೂರು, 580 ಹುಬ್ಬಳ್ಳಿ ಧಾರವಾಡದ ಕಡೆ, 585 ಕಲಬುರಗಿ ಕಡೆ, 590 ಬೆಳಗಾವಿ. ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಅಂಚೆ ಕಚೇರಿ.

ಹಳೇ ಲಗ್ನಪತ್ರಿಕೆಯ ಕವರುಗಳು ಮನೆಯಲ್ಲಿ ಬಿದ್ದಿರುತ್ತವೆ. ಸೋದರಮಾವ, ಚಿಕ್ಕಮ್ಮ, ಅತ್ತೆ ಎಲ್ಲರ ವಿಳಾಸ ಪಿನ್ ಕೋಡ್ ಸಮೇತ ಮಕ್ಕಳೇ ಬರೆಯಲಿ. ಶೂ ಡಬ್ಬಿಗಳು ಊರುಗಳಾಗಲಿ. ಮೊದಲು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ, ರೈಲು ಹೊರಡುವ ಮುಂಚೆ ಬೇರೆ ಮಾಡಬೇಕು ಅನ್ನಿ. ರೈಲಿನ ಟಪಾಲು ಡಬ್ಬಿಯಲ್ಲಿ ಓಡುತ್ತಲೇ ಕಾಗದ ವಿಂಗಡಿಸುತ್ತಿದ್ದ ಆರ್‌ಎಂಎಸ್ (ರೈಲ್ವೆ ಅಂಚೆ ಸೇವೆ) ನೌಕರರ ಕತೆ ಹೇಳಿದರೆ ಮಕ್ಕಳು ಮಂಚವನ್ನೇ ರೈಲು ಮಾಡಿಕೊಳ್ಳುತ್ತಾರೆ. ಮೊದಲು ರಾಜ್ಯ, ಆಮೇಲೆ ಜಿಲ್ಲೆ, ಆಮೇಲೆ ಊರು, ಆಮೇಲೆ ಬೀದಿ. ಗುಂಪಿನೊಳಗೆ ಗುಂಪು ಅನ್ನುವ ಆ ಕಷ್ಟದ ಪಾಠ ಇಲ್ಲಿ ಕೈಯಿಂದಲೇ ಅರ್ಥವಾಗುತ್ತದೆ.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಕನ್ನಡದ ಮನೆಗಳಿಗೆ ಈ ಆಟ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಊರಿನ ಅಜ್ಜಿಗೆ ಬರೆದ ಒಂದು ಕಾಗದವನ್ನಾದರೂ ನಿಜವಾಗಿ ಅಂಚೆಗೆ ಹಾಕಿ.

ಪುಸ್ತಕ ಜೋಡಿಸುವುದನ್ನೂ ಆಟ ಮಾಡಬಹುದಾ?

ಖಂಡಿತ. ಲೈಬ್ರರಿ ಆಟ ಆಡುವ ಮಕ್ಕಳಿಗೆ ನಾನು ಎಸ್. ಆರ್. ರಂಗನಾಥನ್ ಅವರ ಕತೆ ಹೇಳುತ್ತೇನೆ. ಮದ್ರಾಸಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಗ್ರಂಥಾಲಯದ ಕೆಲಸ ಕಲಿಯಲು 1924ರಲ್ಲಿ ಲಂಡನ್ನಿಗೆ ಹೋದರು. ಅಲ್ಲಿ ಒಂದು ದೊಡ್ಡ ಅಂಗಡಿಯಲ್ಲಿ ಮೆಕ್ಯಾನೊ ಅನ್ನುವ ಆಟಿಕೆ ಕಂಡಿತು. ತೂತು ಇರುವ ಲೋಹದ ಪಟ್ಟಿ, ಚಕ್ರ, ನಟ್ಟು, ಬೋಲ್ಟು. ಅವೇ ಸಾಮಾನುಗಳನ್ನು ಬೇರೆ ಬೇರೆ ಥರ ಸೇರಿಸಿದರೆ ಬೇರೆ ಬೇರೆ ಆಟಿಕೆ ಆಗುತ್ತವೆ. ಪುಸ್ತಕದ ವಿಷಯವನ್ನೂ ಹೀಗೇ ಸಣ್ಣ ಸಣ್ಣ ತುಂಡು ಮಾಡಿ ಜೋಡಿಸಬಹುದಲ್ಲ ಅಂತ ಅವರಿಗೆ ಹೊಳೆಯಿತು. ಅದರಿಂದ ಹುಟ್ಟಿದ ಕೋಲನ್ ವರ್ಗೀಕರಣ 1933ರಲ್ಲಿ ಪ್ರಕಟವಾಯಿತು. ಮುಂದೆ ಅವರು ಬೆಂಗಳೂರಿಗೆ ಬಂದು ನೆಲೆಸಿದರು, 1962ರಲ್ಲಿ ಇಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನಾ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಆಟಿಕೆ ನೋಡಿ ಲೈಬ್ರರಿ ಜೋಡಿಸಿದ ತಾತ ಅಂದರೆ ಮಕ್ಕಳ ಕಣ್ಣು ಅರಳುತ್ತದೆ.

ಮನೆಯಲ್ಲಿ ಇಪ್ಪತ್ತು ಪುಸ್ತಕ ಇದ್ದರೆ ಸಾಕು. ಪ್ರಾಣಿ ಕತೆ, ನಗುವ ಕತೆ, ರಾತ್ರಿ ಓದುವ ಕತೆ ಅಂತ ಮಕ್ಕಳೇ ಗುಂಪು ಮಾಡಲಿ. ಒಂದು ಪುಸ್ತಕ ಎರಡು ಗುಂಪಿಗೂ ಸೇರಿದರೆ ಜಗಳ ಬರುತ್ತದೆ. ಬರಲಿ. ಒಂದು ಚೀಟಿ ಬರೆದು "ಇನ್ನೊಂದು ಕಡೆಯೂ ನೋಡಿ" ಅಂತ ಇಡಬಹುದು ಅಂತ ಆಮೇಲೆ ಹೇಳಿಕೊಡಿ.

ಕಸ ಬೇರೆ ಮಾಡುವುದನ್ನು ಆಟವಾಗಿ ಕಲಿಸುವುದು ಸರಿಯೇ?

ಸರಿ, ಆದರೆ ಕೊಳಕು ಕಸದಲ್ಲಿ ಅಲ್ಲ. ತೊಳೆದ ಹಾಲಿನ ಕವರು, ಕಾಗದ, ಬಾಳೆಹಣ್ಣಿನ ಸಿಪ್ಪೆಯ ಚಿತ್ರ, ಒಣಗಿದ ಎಲೆ ಇವು ಸಾಕು. ಬೆಂಗಳೂರಿನಲ್ಲಿ ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್ ಥರದ್ದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಮಗು ಕಸದ ಗಾಡಿಯ ಅಕ್ಕನೋ ಅಣ್ಣನೋ ಆಗಲಿ, ನೀವು ಮನೆಯವರಾಗಿ. ಬೇರೆ ಮಾಡದೆ ಕೊಟ್ಟರೆ ಅದು "ತಗೊಳ್ಳಲ್ಲ, ವಾಪಸ್ ತಗೊಂಡು ಹೋಗಿ" ಅನ್ನುತ್ತದೆ. ಒಂದು ವಾರ ಕಳೆದರೆ ಬೆಳಿಗ್ಗೆ ಬರುವ ನಿಜವಾದ ಪೌರಕಾರ್ಮಿಕರಿಗೆ ನಮಸ್ಕಾರ ಹೇಳಲು ಶುರು ಮಾಡುತ್ತದೆ. ನನಗೆ ಇದೇ ಹೆಚ್ಚು.

ಆಟ ಮುಗಿದ ಮೇಲೆ ಸಾಮಾನು ಎತ್ತಿಡುವುದೇ ಇಲ್ಲ. ಏನು ಮಾಡುವುದು?

"ಆಟ ನಿಲ್ಲಿಸು, ಎತ್ತಿಡು" ಅಂದರೆ ಕತೆ ತುಂಡಾಗುತ್ತದೆ, ಮಗುವಿಗೆ ಸಿಟ್ಟು ಬರುತ್ತದೆ. ಎತ್ತಿಡುವುದನ್ನು ಕತೆಯ ಒಳಗೇ ತನ್ನಿ. ಅಂಗಡಿಗೆ ಬಾಗಿಲು ಹಾಕುವ ಹೊತ್ತು ಬರಲಿ. ಬಸ್ಸುಗಳು ಡಿಪೋಗೆ ಹೋಗಲಿ. ದನಕರು ಕೊಟ್ಟಿಗೆಗೆ ಬರಲಿ, ಒಂದು ಬಂದಿಲ್ಲ ಅಂದರೆ ಸೋಫಾ ಕೆಳಗೆ ಹುಡುಕಲಿ. ವಿಜಯದಶಮಿ ರಾತ್ರಿ ಗೊಂಬೆ ಮಲಗಿಸುತ್ತೇವಲ್ಲ, ಹಾಗೇ.

ಎರಡು ವಿಷಯ ದೊಡ್ಡವರ ಕೈಯಲ್ಲಿದೆ. ಸಾಮಾನು ಕಡಿಮೆ ಇರಲಿ. ನೂರು ಆಟಿಕೆ ಹೊರಗಿದ್ದರೆ ದೊಡ್ಡವರಿಗೂ ಜೋಡಿಸಲು ಆಗಲ್ಲ. ಕಾಲು ಭಾಗ ಹೊರಗೆ, ಉಳಿದದ್ದು ಅಟ್ಟದ ಮೇಲೆ, ತಿಂಗಳಿಗೊಮ್ಮೆ ಬದಲಾಯಿಸಿ. ಎರಡನೆಯದು, ಆಳವಾದ ದೊಡ್ಡ ಡಬ್ಬ ಬೇಡ. ತಳದಲ್ಲಿರುವುದು ಬೇಕಾದಾಗ ಮಗು ಇಡೀ ಡಬ್ಬ ಸುರಿಯದೆ ಏನು ಮಾಡೀತು? ಅಗಲವಾದ, ಆಳವಿಲ್ಲದ ಬುಟ್ಟಿಗಳನ್ನು ಅದರ ಎದೆ ಮಟ್ಟದ ಶೆಲ್ಫಿನಲ್ಲಿ ಇಡಿ.

ಹುಡುಗನಿಗೆ ಅಡುಗೆ ಆಟ ಕೊಡಬಹುದಾ?

ಕೊಡಿ. ಇದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲ.

ಮಗು ಕಾರುಗಳನ್ನು ಸಾಲಾಗಿ ಇಡುತ್ತದೆ, ಯಾರಾದರೂ ಮುಟ್ಟಿದರೆ ಅಳುತ್ತದೆ. ಚಿಂತೆ ಮಾಡಬೇಕೇ?

ಸಾಲು ಮಾಡುವುದು ಎರಡು, ಮೂರು ವರ್ಷದ ಎಷ್ಟೋ ಮಕ್ಕಳಿಗೆ ಇಷ್ಟ. ಅದೊಂದನ್ನೇ ನೋಡಿ ಹೆದರಬೇಡಿ. ಆದರೆ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ, ಮಾತು ತಡವಾಗಿದೆ, ಬೆರಳು ತೋರಿಸಿ ನಿಮಗೆ ಏನನ್ನೂ ತೋರಿಸುವುದಿಲ್ಲ, ಕಾರನ್ನು ಓಡಿಸುವಂತೆ ನಟಿಸುವುದೇ ಇಲ್ಲ ಅನ್ನುವುದೂ ಜೊತೆಗಿದ್ದರೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ. "ಗಂಡು ಮಕ್ಕಳು ಮಾತಾಡೋದು ಲೇಟು" ಅಂತ ಮನೆಯವರು ಅಂದರೂ ಕಾಯಬೇಡಿ. ಬೇಗ ಹೋದಷ್ಟೂ ಒಳ್ಳೆಯದು.

ಹಾಗೇನೂ ಇಲ್ಲದಿದ್ದರೆ ಆ ಸಾಲಿಗೆ ಕತೆ ಸೇರಿಸಿ. "ಟೋಲ್ ಹತ್ತಿರ ನಿಂತಿದ್ದಾವಾ? ಆಂಬುಲೆನ್ಸ್ ಬರ್ತಾ ಇದೆ, ದಾರಿ ಬಿಡಿ." ಮುಟ್ಟುವ ಮುಂಚೆ ಕೇಳಿ. ಅದು ಅವನ ಕೆಲಸ.

ಮೊಬೈಲಿನಲ್ಲಿ ವಿಂಗಡಿಸುವ ಆಟಗಳು ಇವೆಯಲ್ಲ?

ಇವೆ. ಅದರಲ್ಲಿ ಬೆರಳು ಮಾತ್ರ ಕೆಲಸ ಮಾಡುತ್ತದೆ. ಕಾಳಿನ ತೂಕ, ಸೋಪಿನ ವಾಸನೆ, ಉಪ್ಪಿನ ರುಚಿ ಇಲ್ಲ. ಜೊತೆಗೆ ನಿಯಮವನ್ನು ಬೇರೆ ಯಾರೋ ಮಾಡಿಟ್ಟಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಎರಡು ವರ್ಷದೊಳಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು.

ಬಣ್ಣ, ಆಕಾರದ ಹೆಸರನ್ನು ಇಂಗ್ಲಿಷಿನಲ್ಲೇ ಹೇಳಿಕೊಟ್ಟರೆ ಶಾಲೆಗೆ ಅನುಕೂಲ ಅಲ್ವಾ?

ಶಾಲೆಯಲ್ಲಿ ಅದು ಹೇಗೂ ಬರುತ್ತದೆ. ಮನೆಯಲ್ಲಿ ಕನ್ನಡದಲ್ಲೇ ಆಡಿ. ಗುಂಪು ಮಾಡುವುದಕ್ಕೆ ನಮ್ಮ ಭಾಷೆಯಲ್ಲಿ ಇರುವ ಪದಗಳನ್ನು ನೋಡಿ: ಬಾಳೆ ಗೊನೆ, ಅದರೊಳಗೆ ಚಿಪ್ಪು. ದ್ರಾಕ್ಷಿ ಗೊಂಚಲು, ಸೊಪ್ಪಿನ ಕಟ್ಟು, ಹುಲ್ಲಿನ ಹೊರೆ. ಆನೆ ಹಿಂಡು, ಕುರಿ ಮಂದೆ. ಹೂವು ಮೊಳದಲ್ಲಿ, ಮಾರಿನಲ್ಲಿ. ಒಂದೊಂದು ಪದವೂ ಆ ವಸ್ತು ಹೇಗೆ ಒಟ್ಟಿಗೆ ಇರುತ್ತದೆ ಅಂತ ಹೇಳುತ್ತದೆ. ಹೂವಿನ ಅಂಗಡಿ ಆಟದಲ್ಲಿ "ಎರಡು ಮೊಳ ಮಲ್ಲಿಗೆ ಕೊಡಿ" ಅಂದರೆ ಮಗು ಮೊಣಕೈಯಿಂದ ಬೆರಳ ತುದಿಗೆ ದಾರ ಹಿಡಿದು ಅಳೆಯುತ್ತದೆ. ದೊಡ್ಡವರ ಮೊಳ ಬೇರೆ, ತನ್ನ ಮೊಳ ಬೇರೆ ಅಂತ ಅಲ್ಲೇ ಕಂಡುಕೊಳ್ಳುತ್ತದೆ.

2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ 3ರಿಂದ 8 ವರ್ಷದ ಮಕ್ಕಳಿಗೆ ಆಟ ಮತ್ತು ಮನೆಮಾತು ಎರಡನ್ನೂ ಮುಂದಿಡುತ್ತದೆ.

ಕೆಲಸ ಮುಗಿಸಿ ಬರುವಾಗ ರಾತ್ರಿ ಏಳೂವರೆ. ಅಂಗಡಿ ಇಡಲು ಸಮಯ ಎಲ್ಲಿದೆ?

ಹಾಗಾದರೆ ಒಗೆದ ಬಟ್ಟೆ ಸಾಕು. ಹಗ್ಗದಿಂದ ತೆಗೆದ ಬಟ್ಟೆಯ ರಾಶಿಯನ್ನು ಮಂಚದ ಮೇಲೆ ಹಾಕಿ, ಕಾಲುಚೀಲಗಳಿಗೆಲ್ಲ ಇವತ್ತು ಮದುವೆ ಅನ್ನಿ. ಒಂದೊಂದಕ್ಕೂ ಜೋಡಿ ಹುಡುಕಬೇಕು. ಬಣ್ಣ ಒಂದೇ ಇದ್ದರೆ ಸಾಲದು, ಅಪ್ಪನದಕ್ಕೆ ಅಪ್ಪನದ್ದೇ ಬೇಕು, ಪಟ್ಟಿಗೆ ಪಟ್ಟಿ ಕೂಡಬೇಕು. ಟವೆಲು ಚಪ್ಪರ. ಕರ್ಚೀಫುಗಳು ನೆಂಟರು, ಮಡಿಸಿ ಸಾಲಾಗಿ ಕೂರಿಸಬೇಕು. ಜೋಡಿ ಸಿಗದ ಕಾಲುಚೀಲವನ್ನು ದಿಂಬಿನ ಮೇಲೆ ಇಡಿ, ಅದು ಕಾಯುತ್ತಿರುತ್ತದೆ. ಮಾರನೇ ದಿನ ಬಟ್ಟೆ ತೆಗೆಯುವಾಗ ನಿಮಗಿಂತ ಮೊದಲು ಮಗು ಹಗ್ಗದ ಹತ್ತಿರ ಹೋಗಿ ನಿಂತಿರುತ್ತದೆ.